ರೀ, ಬಾಗಿಲು ಹಾಕ್ಕೊಂಡ್ರಾ?

ಊರಿನ ಬಾಗಿಲಿಗೆಲ್ಲ ಬೀಗ ಮಾಡಿಕೊಡುವ ಮನುಷ್ಯ ತನ್ನ ಅಂಗಡಿಗೆ ಬೀಗ ಹಾಕುವುದನ್ನು ಮರೆಯುತ್ತಾನೆ ಅಂದರೆ ನೀವು ನಂಬುವುದಿಲ್ಲ. ಬಿಡಿ, ನಂಬಬೇಡಿ. ಆದರೆ ಆ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ.

ಬೀಗದ ಯಜಮಾನರು ಅಂತಲೇ ಅವರನ್ನು ಎಲ್ಲರೂ ಕರೆಯುವುದು. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ, ನಡುವೆ ಒಂದು ಪರದೆ. ಅಂಗಡಿಯ ಗೋಡೆ ತುಂಬ ಮೊಳೆ, ಮೊಳೆ ತುಂಬ ಹಲ್ಲು ಕೊರೆಯದ ಕೀಲಿಗಳು. ಸಂಜೆಯಾದರೆ ಯಜಮಾನರು ಕೀಲಿ ಉಜ್ಜುವ ಅರ ಕೆಳಗಿಟ್ಟು, ಮೈಮೇಲಿನ ಹಿತ್ತಾಳೆ ಪುಡಿ ಕೊಡವಿ, ಶಟರ್ ಎಳೆದು ಒಳಗೆ ಬರುತ್ತಿದ್ದರು. ಅಡುಗೆಮನೆಯಿಂದ ಹೆಂಡತಿಯ ಕೂಗು ಬರುತ್ತಿತ್ತು. "ರೀ, ಬಾಗಿಲು ಹಾಕ್ಕೊಂಡ್ರಾ?"

"ಹಾಕಿದೀನಿ ಕಣೇ" ಅನ್ನುತ್ತಿದ್ದರು ಇವರು. ಅಂದ ಮೇಲೆ ಹಾಕಿಲ್ಲ ಅನ್ನುವುದು ನೆನಪಾಗುತ್ತಿತ್ತು. ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಅಂಗಡಿಗೆ ವಾಪಸು ಹೋಗಿ, ಸದ್ದಾಗದ ಹಾಗೆ ಬೀಗ ಒತ್ತಿ, ಏನೂ ಆಗಿಲ್ಲವೆಂಬ ಮುಖದಲ್ಲಿ ಬಂದು ಊಟಕ್ಕೆ ಕೂರುತ್ತಿದ್ದರು. ಮದುವೆಯಾದಾಗಿನಿಂದ ಇದೇ ನಾಟಕ. ಒಂದು ದಿನವೂ 'ಮರೆತೆ' ಅಂತ ಒಪ್ಪಿಕೊಂಡವರಲ್ಲ. ಬೀಗದವನು ಬೀಗ ಮರೆತ ಅಂದರೆ ಮಾನ ಉಳಿಯುತ್ತದೆಯೇ? ಈ ಗುಟ್ಟು ಹೆಂಡತಿಗೆ ಗೊತ್ತಿಲ್ಲ ಅಂತ ಅವರು ಗಟ್ಟಿಯಾಗಿ ನಂಬಿದ್ದರು, ಪಾಪ.

ಹೆಂಡತಿಯನ್ನು ಬೀದಿಯವರೆಲ್ಲ ಅಕ್ಕ ಅನ್ನುತ್ತಿದ್ದರು. ಅದಕ್ಕೆ ಕಾರಣ ಅವಳ ತಮ್ಮ. ನಾಲ್ಕು ಅಂಗಡಿ ಆಚೆ ಕಂಪ್ಯೂಟರ್ ರಿಪೇರಿ ಇಟ್ಟುಕೊಂಡಿದ್ದ ಅವನು ದಿನಕ್ಕೆ ಹತ್ತು ಸಲ "ಅಕ್ಕಾ, ಏನಾದ್ರೂ ಇದೆಯಾ ತಿನ್ನೋಕೆ?" ಅಂತ ಕೂಗಿಕೊಂಡು ಬರುತ್ತಿದ್ದ. ಚಿಕ್ಕಂದಿನಲ್ಲಿ ಕೈಗೆ ಸಿಕ್ಕ ಗಡಿಯಾರ, ರೇಡಿಯೊ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ಹಾಕುತ್ತಿದ್ದನಂತೆ. ಮನೆಯವರು ಬಿಚ್ಚಪ್ಪ ಅಂತ ಕರೆದರು. ಈಗ ತಲೆ ಅರ್ಧ ನರೆತಿದೆ, ಹೆಸರು ಮಾತ್ರ ಹಾಗೇ ಇದೆ.

ಅಕ್ಕನಿಗೆ ಗಂಟಲಿನಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಅಂದರು ಡಾಕ್ಟರು. ಯಜಮಾನರು ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕೂತರು. ಅಕ್ಕನೇ ಅವರ ಬೆನ್ನು ಸವರಿ, "ಅಳೋದಾದ್ರೆ ಈಗಲೇ ಅತ್ತುಬಿಡಿ, ಆಮೇಲೆ ಬೈಯೋಕೆ ನಂಗೆ ಧ್ವನಿ ಇರಲ್ಲ" ಅಂದಳು.

ಅದೇ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಮ್ ಒಬ್ಬರಿದ್ದರು. ಒಂದು ಪ್ರೋಗ್ರಾಂ ಇದೆ, ಆಪರೇಷನ್‌ಗೆ ಮುಂಚೆ ನಿಮ್ಮ ಧ್ವನಿಯಲ್ಲೇ ಮಾತುಗಳನ್ನು ತುಂಬಿಸಿಡಬಹುದು, ಆಮೇಲೆ ಪರದೆಯ ಮೇಲಿನ ಚೌಕ ಒತ್ತಿದರೆ ನೀವೇ ಮಾತಾಡಿದ ಹಾಗೆ ಕೇಳುತ್ತದೆ ಅಂದರು. ಒಂದೇ ತೊಡಕು. ಅದು ಒಂದೇ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ.

"ಭಾವ, ಆ ಕಂಪನಿಯವರು ಮೈಯೂ ತಾವೇ ಮಾಡ್ತಾರೆ, ಜೀವಾನೂ ತಾವೇ ಮಾಡ್ತಾರೆ" ಅಂದ ಬಿಚ್ಚಪ್ಪ. "ಅವರ ಸಿಸ್ಟಮ್ಮು ಅವರ ಮಷೀನು ಬಿಟ್ಟು ಬೇರೆ ಎಲ್ಲೂ ಏಳಲ್ಲ. ನಾಳೆ ಕೆಟ್ಟರೆ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು."

"ಆಪರೇಷನ್‌ಗೆ ಇರೋದು ಒಂದು ವಾರ ಕಣೋ. ಈಗ ಅದೆಲ್ಲ ಯಾಕೆ?" ಅಂದರು ಯಜಮಾನರು. ಮಷೀನು ತಂದು ಮುಚ್ಚಳ ತೆರೆದಾಗ ಪರದೆಯ ಮೇಲೆ ಉದ್ದೋ ಉದ್ದದ ಕರಾರು ಬಂತು. ಕೆಳಗೆ 'ಒಪ್ಪಿದ್ದೇನೆ' ಅಂತ ಒಂದು ಗುಂಡಿ. ಯಜಮಾನರು ಒಂದಕ್ಷರ ಓದದೆ ಒತ್ತಿದರು. ನಾವೂ ನೀವೂ ಅಷ್ಟೇ ತಾನೇ ಮಾಡುವುದು?

ಮೇಡಮ್ ಮಾದರಿಗೆ ಅಂತ ಕೆಲವು ಮಾತು ಬರೆದುಕೊಟ್ಟಿದ್ದರು. 'ನನಗೆ ನೀರು ಬೇಕು.' 'ನನಗೆ ನೋವಾಗುತ್ತಿದೆ.' ಅಕ್ಕ ಓದಿ ಮೂಗು ಮುರಿದಳು. "ನೀರು ಬೇಕಾದ್ರೆ ಎದ್ದು ಕುಡೀತೀನಿ. ಇವರು ಕೊಯ್ಯೋದು ಗಂಟಲೋ ಕಾಲೋ?" ಅಂದು ಆ ಹಾಳೆಯನ್ನು ಬಿಸ್ಕತ್ತಿನ ಡಬ್ಬದ ಕೆಳಗೆ ತುರುಕಿ, ತನಗೆ ಬೇಕಾದದ್ದನ್ನು ತಾನೇ ಹೇಳತೊಡಗಿದಳು. ಮೊದಲ ಚೌಕಕ್ಕೆ "ರೀ, ಬಾಗಿಲು ಹಾಕ್ಕೊಂಡ್ರಾ?" ಆಮೇಲೆ "ಊಟಕ್ಕೆ ಬರ್ತೀರೋ, ಆ ಕೀಲಿನೇ ತಿಂತೀರೋ?" "ಬಂದ ನೋಡಿ ಬಿಚ್ಚಪ್ಪ, ಬಿಸ್ಕತ್ತಿನ ಡಬ್ಬ ಎತ್ತಿಡಿ." "ಆ ಅಂಗಿ ಬಿಸಾಕಿ ಅಂದೆನಲ್ಲ!" ಹೀಗೇ ಬೈಗುಳದ ಮೇಲೆ ಬೈಗುಳ. ನಯವಾದ ಮಾತು ಒಂದೂ ಇಲ್ಲ. ನಯವಾದ ಮಾತಿಗೆ ಕಣ್ಣು, ಕೈ ಸಾಕು, ಬೈಯೋಕೆ ಮಾತ್ರ ಧ್ವನಿಯೇ ಆಗಬೇಕು ಅನ್ನುವುದು ಅವಳ ವಾದ.

ಕೊನೆಯ ಚೌಕಕ್ಕೆ "ನಂಗೆ ಗೊತ್ತಿತ್ತು" ಅಂತ ಹೇಳಿದಳು.

"ಇದು ಯಾತಕ್ಕೇ?" ಅಂತ ಕೇಳಿದರು ಯಜಮಾನರು.

"ಬೇಕಾಗುತ್ತೆ, ಸುಮ್ನಿರಿ. ಬೇಕಾಗೋ ತನಕ ಕಾಯ್ತೀನಿ" ಅಂದಳು.

ಆಪರೇಷನ್ ಆಯಿತು, ಜೀವ ಉಳಿಯಿತು. ಅಕ್ಕ ಕಂಪ್ಯೂಟರನ್ನು ಅಡುಗೆಮನೆಯ ಕಿಟಕಿ ಪಕ್ಕ ಇಟ್ಟುಕೊಂಡು ಮೊದಲಿನ ಹಾಗೇ ಸಂಸಾರ ನಡೆಸಿದಳು. ಸಂಜೆ ಶಟರ್ ಇಳಿದ ಸದ್ದಿಗೆ ಮೊದಲ ಚೌಕ ಒತ್ತುತ್ತಿದ್ದಳು. ಅದೇ ಧ್ವನಿ, 'ರೀ' ಅನ್ನುವಾಗ ಅದೇ ಎಳೆತ. "ಹಾಕಿದೀನಿ ಕಣೇ" ಅಂದು ಯಜಮಾನರು ಬೆಕ್ಕಿನ ಹೆಜ್ಜೆಯಲ್ಲಿ ವಾಪಸು ಹೋಗುತ್ತಿದ್ದರು. ಕೊನೆಯ ಚೌಕವನ್ನು ಮಾತ್ರ ಅವಳು ಒಂದು ಸಲವೂ ಮುಟ್ಟಲಿಲ್ಲ.

ಹೀಗೆ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಅಕ್ಕ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು.

ಯಜಮಾನರು ಅದನ್ನು ಟವೆಲಿನಲ್ಲಿ ಸುತ್ತಿ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದರು. ಗಾಜಿನ ಗೋಡೆ, ಹಲ್ಲು ಕಟಕಟಿಸುವಷ್ಟು ಎ.ಸಿ. ಕತ್ತಿಗೆ ಪಟ್ಟಿ ನೇತುಹಾಕಿಕೊಂಡ ಹುಡುಗಿ ತುಂಬ ಮರ್ಯಾದೆಯಿಂದ ಮಾತಾಡಿದಳು. "ಬೋರ್ಡ್ ಹೋಗಿದೆ ಸರ್. ಈ ಮಾಡೆಲ್‌ಗೆ ಬೋರ್ಡ್ ಬರೋದು ನಿಲ್ಲಿಸಿದಾರೆ."

"ಒಳಗಿರೋದು?"

"ಡಿಸ್ಕ್ ಚೆನ್ನಾಗೇ ಇದೆ ಸರ್. ಎಲ್ಲಾ ಒಳಗೇ ಇದೆ."

"ಹಾಗಾದ್ರೆ ನಿಮ್ಮದೇ ಹೊಸದೊಂದು ತಗೋತೀನಮ್ಮ. ಅದಕ್ಕೆ ಹಾಕಿಕೊಡಿ."

"ಹೊಸ ಸಿಸ್ಟಮ್‌ನಲ್ಲಿ ಈ ಹಳೇ ಪ್ರೋಗ್ರಾಂ ಓಡಲ್ಲ ಸರ್."

"ಬೇರೆ ಯಾವುದಾದ್ರೂ ಹಳೇ ಕಂಪ್ಯೂಟರಿಗೆ?"

"ನಮ್ಮ ಸಿಸ್ಟಮ್ ನಮ್ಮ ಮಷೀನಲ್ಲಿ ಮಾತ್ರ ಸರ್. ಇದೇ ಮಾಡೆಲ್ ಹಳೇದೂ ಈಗ ಎಲ್ಲೂ ಸಿಗಲ್ಲ" ಅಂದಳು ಹುಡುಗಿ. ಪಾಪ, ಅವಳ ಮುಖವೂ ಸಣ್ಣಗಾಗಿತ್ತು. ಯಜಮಾನರು ಮೇಡಮ್‌ಗೆ ಫೋನ್ ಮಾಡಿದರು. ಆ ಪ್ರೋಗ್ರಾಂ ಮಾಡಿದವರು ಯಾವತ್ತೋ ಬಾಗಿಲು ಮುಚ್ಚಿಕೊಂಡು ಹೋಗಿದ್ದರು.

ಅವಳ ಧ್ವನಿ ಬೇರೆಲ್ಲೂ ಇರಲಿಲ್ಲ. ಯಾರದೋ ಮದುವೆಯ ವಿಡಿಯೊ ಒಂದರಲ್ಲಿ ಅಕ್ಕನ ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ವಾದ್ಯದವರ ಗದ್ದಲ ಮಾತ್ರ. ಮೊದಲ ಸಲ ಧ್ವನಿ ಹೋದಾಗ ಯಜಮಾನರು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಈ ಎರಡನೇ ಸಲಕ್ಕೆ ಅವರು ಸಿದ್ಧರಿರಲಿಲ್ಲ. ಮನೆ ಬಿಕೋ ಅನ್ನತೊಡಗಿತು. ಅಕ್ಕ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು, ನಿಜ. ಆದರೆ ಬೆನ್ನು ಹಾಕಿ ಕೀಲಿ ಉಜ್ಜುವ ಗಂಡನಿಗೆ ಸ್ಲೇಟು ಕೇಳಿಸುತ್ತದೆಯೇ? ಅವಳಿಗೂ ಅದು ಬೇಸರ. ಬೈಗುಳ ಬರೆದು ಮುಗಿಸುವಷ್ಟರಲ್ಲಿ ಕೋಪವೇ ಆರಿಹೋಗುತ್ತಿತ್ತು.

ಬೀಗದ ವಿಷಯವಂತೂ ಕೇಳಲೇಬೇಡಿ. ಪೇಪರ್ ಹಾಕುವವನು ಒಂದು ಬೆಳಿಗ್ಗೆ ಶಟರ್ ಎತ್ತಿ ಒಳಗೆ ಇಣುಕಿ, "ಏನ್ ಯಜಮಾನ್ರೇ, ಕಳ್ಳರಿಗೆ ರಜಾ ಕೊಟ್ಟಿದೀರಾ?" ಅಂತ ನಕ್ಕ. ಯಜಮಾನರಿಗೆ ನಗು ಬರಲಿಲ್ಲ. ಕೇಳುವವರಿಲ್ಲದೆ ಹೋದದ್ದು ನೆನಪಾಗಿ ಕಣ್ಣು ತುಂಬಿ ಬಂತು.

ಬಿಚ್ಚಪ್ಪ ಸುಮ್ಮನಿರುವವನಲ್ಲ. ಕೌಂಟರಿನ ಮೇಲೆ ಮೊಣಕೈ ಊರಿ ಶುರು ಮಾಡಿದ. "ಭಾವ, ನಿಮ್ಮ ಭಾಷೇಲೇ ಹೇಳ್ತೀನಿ ಕೇಳಿ. ಇಲ್ಲಿ ಮೂರು ಬೀಗ ಇದೆ. ಅಕ್ಕನ ಧ್ವನಿ ಆ ಪ್ರೋಗ್ರಾಮಿನ ಒಳಗೆ. ಪ್ರೋಗ್ರಾಂ ಸಿಸ್ಟಮ್ಮಿನ ಒಳಗೆ. ಸಿಸ್ಟಮ್ಮು ಏಳುವಾಗ ಬೋರ್ಡ್ ಮುಟ್ಟಿ ನೋಡುತ್ತೆ, ನೀನು ನಮ್ಮ ಕಂಪನಿಯವನಾ ಅಂತ. ಹೌದು ಅಂದ್ರೆ ಏಳುತ್ತೆ, ಇಲ್ಲಾಂದ್ರೆ ಮಲಗುತ್ತೆ. ಆ 'ಹೌದು' ಅನ್ನೋ ಮಾತನ್ನ ನಾನು ಬೇರೆ ಬೋರ್ಡಿನ ಬಾಯಲ್ಲಿ ಹೇಳಿಸ್ತೀನಿ. ಆಯ್ತಾ?"

ಯಜಮಾನರ ಅರ ನಿಂತಿತು. "ಅಂದ್ರೆ ಕಳ್ಳಕೀಲಿ."

"ನೀವು ಏನಾದ್ರೂ ಅನ್ನಿ."

"ನನ್ನ ಕೈಯಿಂದ ಈವರೆಗೆ ಕಳ್ಳಕೀಲಿ ಹೋಗಿಲ್ಲ ಕಣೋ."

ಅದು ನಿಜ. ಸೋಪಿನಲ್ಲಿ ಕೀಲಿಯ ಅಚ್ಚು ಒತ್ತಿಕೊಂಡು ಬಂದವರನ್ನು ಅವರು ಅಂಗಡಿಯ ಮೆಟ್ಟಿಲು ಹತ್ತಲು ಬಿಟ್ಟವರಲ್ಲ. ಕೀಲಿ ಕಳೆದುಹೋಗಿದೆ, ಮನೆ ತೆಗೆದುಕೊಡಿ ಅಂತ ಕರೆದರೂ ಅವರದೊಂದು ಪದ್ಧತಿಯಿತ್ತು. ಕರೆದವರನ್ನು ಹೊಸ್ತಿಲ ಎದುರು ನಿಲ್ಲಿಸಿ, "ಬಾಗಿಲು ತೆಗೆದ ತಕ್ಷಣ ಒಳಗೇನಿದೆ, ಹೇಳಿ" ಅನ್ನುತ್ತಿದ್ದರು. ಮನೆಯವರಾದರೆ ಥಟ್ಟನೆ ಹೇಳುತ್ತಾರೆ. ಮುರಿದ ಸ್ಟೂಲು, ಮಗುವಿನ ಸೈಕಲ್ಲು, ಮಡಿಸದ ಬಟ್ಟೆ, ಏನೋ ಒಂದು. ಕಳ್ಳನಾದರೆ ಕಣ್ಣು ಕಣ್ಣು ಬಿಡುತ್ತಾನೆ. ಹೇಳಿದ ಸಾಮಾನು ಒಳಗೆ ಕಂಡ ಮೇಲೆಯೇ ಯಜಮಾನರು ದಾರಿ ಬಿಡುತ್ತಿದ್ದದ್ದು.

"ಆ ಕರಾರಲ್ಲಿ ಏನಿತ್ತೋ?" ಅಂತ ಕೇಳಿದರು.

ಬಿಚ್ಚಪ್ಪ ತಲೆ ಕೆರೆದುಕೊಂಡ. "ಇದನ್ನ ನಮ್ಮ ಮಷೀನಲ್ಲಿ ಮಾತ್ರ ಬಳಸಬೇಕು ಅಂತ ಇರುತ್ತೆ."

"ನಾನು ಒಪ್ಪಿದೀನಿ ಅಂತ ಒತ್ತಿದೀನಲ್ಲೋ."

"ಓದಿದ್ರಾ?"

"ಓದದೆ ಒಪ್ಪಿದ್ದು ನನ್ನ ತಪ್ಪು. ಅವರದಲ್ಲವಲ್ಲ."

ಬಿಚ್ಚಪ್ಪನ ಪಿತ್ತ ನೆತ್ತಿಗೇರಿತು. "ಅದು ನಮ್ಮಕ್ಕನ ಗಂಟಲು ಭಾವ, ಬಿಸ್ಕತ್ತಿನ ಡಬ್ಬ ಅಲ್ಲ! ನಿಮ್ಮ ಮಾತು ನೀವು ಉಳಿಸ್ಕೊಳ್ಳಿ, ಅವಳ ಮಾತು ಯಾರು ಉಳಿಸ್ತಾರೆ?" ಅಂದವನೇ ಧುಮುಧುಮು ಅನ್ನುತ್ತಾ ಹೋದ. ಹೋಗುವಾಗ ಬಿಸ್ಕತ್ತನ್ನೂ ತಿನ್ನಲಿಲ್ಲ. ಅಷ್ಟು ಕೋಪ.

ಅಂಗಡಿಯ ಪರದೆಯ ಆಚೆ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸ್ಲೇಟು ತೆಗೆದುಕೊಂಡವಳು ಏನೂ ಬರೆಯದೆ ಕೆಳಗಿಟ್ಟಳು. ಗಂಡನ ಹಟ ಅವಳಿಗೆ ಹೊಸದೇನಲ್ಲ. ಆ ಹಟ ಇಲ್ಲದಿದ್ದರೆ ಊರಿನವರು ತಮ್ಮ ಮನೆಯ ಕೀಲಿಯನ್ನು ಇವರ ಕೈಗೆ ಕೊಡುತ್ತಿದ್ದರೇ? ಆದರೂ ಆ ಸಂಜೆ ಅವಳು ಕಿಟಕಿ ಪಕ್ಕದ ಖಾಲಿ ಜಾಗವನ್ನು ಮತ್ತೆ ಮತ್ತೆ ಒರೆಸುತ್ತಿದ್ದದ್ದನ್ನು ಯಜಮಾನರು ನೋಡಿದರು. ನೋಡಿ, ಅರ್ಧ ಊಟಕ್ಕೇ ಎದ್ದರು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಪಕ್ಕದ ಬೀದಿಯ ಮನೆ ಮಾಲೀಕರೊಬ್ಬರು ದಡಬಡ ಅಂತ ಬಂದರು. "ಯಜಮಾನ್ರೇ, ಬನ್ನಿ, ನನ್ನ ಮನೆ ಬಾಗಿಲಿಗೆ ಬೇರೆ ಬೀಗ ಹಾಕ್ಬೇಕು. ಬಾಡಿಗೆಯವನ ಕರಾರು ಮುಗಿದಿದೆ. ಅವನು ಬರೋದ್ರೊಳಗೆ ಹಾಕಿಬಿಡಿ."

"ಒಳಗೇನಿದೆ?"

"ಏನಿರುತ್ತೆ? ಅವನ ಸಾಮಾನು."

"ಅವನು ಬಂದು ಸಾಮಾನು ತಗೊಂಡು ಹೋಗ್ಲಿ. ಆಮೇಲೆ ಹಾಕ್ತೀನಿ."

"ರೀ ಸ್ವಾಮಿ, ಮನೆ ನನ್ನದು! ಬೀಗ ನನ್ನದು! ಕರಾರಿಗೆ ಅವನೇ ರುಜು ಹಾಕಿದಾನೆ!"

"ಮನೆ ನಿಮ್ಮದೇ, ಯಾರು ಇಲ್ಲ ಅಂದ್ರು?" ಅಂದರು ಯಜಮಾನರು, ಕೀಲಿ ಉಜ್ಜುತ್ತಲೇ. "ಸಾಮಾನು ನಿಮ್ಮದಲ್ಲವಲ್ಲ. ಅವನ ಸಾಮಾನು ಒಳಗಿಟ್ಟು ಬೀಗ ಜಡಿಯೋಕೆ ಯಾವ ಕರಾರಿಂದಲೂ ಆಗಲ್ಲ..."

ಅಂದವರ ಕೈ ಅಲ್ಲಿಗೇ ನಿಂತಿತು. ಮಾಲೀಕರು ಗೊಣಗುತ್ತಾ ಇಳಿದು ಹೋದರು. ಯಜಮಾನರು ಮಾತ್ರ ತಾವು ಆಡಿದ ಮಾತನ್ನು ಇನ್ನೊಬ್ಬರು ಬಂದು ಹೇಳಿದರೋ ಅನ್ನುವ ಹಾಗೆ ಕೂತಿದ್ದರು. ಆಮೇಲೆ ಅರೆಬರೆ ಕೊರೆದ ಕೀಲಿಯನ್ನು ಹಾಗೇ ಬಿಟ್ಟು, ಟವೆಲು ಸುತ್ತಿದ ಕಂಪ್ಯೂಟರನ್ನು ಬಗಲಿಗೆ ಇಟ್ಟುಕೊಂಡು, "ಇವಳೇ, ಬಾ. ನಿನ್ನ ತಮ್ಮನ ಅಂಗಡಿಗೆ" ಅಂದವರೇ ಬಿರಬಿರನೆ ಹೊರಟುಬಿಟ್ಟರು. ಅಕ್ಕ ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಬರುವ ಹೊತ್ತಿಗೆ ಅವರು ಎರಡು ಅಂಗಡಿ ದಾಟಿಯಾಗಿತ್ತು.

"ನೋಡೋ ಬಿಚ್ಚಪ್ಪ" ಅಂದರು ಹೋದವರೇ, ಏದುಸಿರಿನಲ್ಲಿ. "ಆ ಸಿಸ್ಟಮ್ಮು ಅನ್ನೋ ಮನೆ ಅವರದು. ಅದನ್ನ ಇಟ್ಕೊಳ್ಳೋಕೆ ನಮಗೆ ಹಕ್ಕಿಲ್ಲ. ಸಾಮಾನು ನಮ್ಮದು. ಒಂದೇ ಒಂದು ಸಲ ಬಾಗಿಲು ತೆಗಿ. ನಿಮ್ಮಕ್ಕನ ಮಾತನ್ನೆಲ್ಲ ಹೊರಗೆ ತಗೊಂಡು, ಯಾವ ಡಬ್ಬದಲ್ಲಾದ್ರೂ ಕೇಳೋ ಹಾಗೆ ಮಾಡು. ಆಮೇಲೆ ಅವರ ಸಿಸ್ಟಮ್ಮನ್ನ ಅಳಿಸಿಬಿಡು. ನಿನ್ನ ಆಟಕ್ಕೆ ಅಂತ ಇಟ್ಕೋಬೇಡ."

"ಅಳಿಸಬೇಕಾ?" ಬಿಚ್ಚಪ್ಪ ಹಣೆ ಚಚ್ಚಿಕೊಂಡ. "ಲೋಕದಲ್ಲಿ ನಿಮ್ಮಂಥೋರು ಇನ್ನೊಬ್ಬರಿಲ್ಲ ಭಾವ."

"ಅಳಿಸಬೇಕು."

"ಆಯ್ತು ಮಾರಾಯ್ರೇ, ಅಳಿಸ್ತೀನಿ." ಮೇಜಿನ ಕೆಳಗಿನಿಂದ ಅವನೊಂದು ಪೆಟ್ಟಿಗೆ ಎಳೆದ. ಒಂದು ಕಂಪನಿಯ ಬೋರ್ಡು, ಇನ್ನೊಂದರ ಫ್ಯಾನು, ಯಾವುದೋ ಮೂರನೆಯದರ ಮುಚ್ಚಳ. ಬೇಕಾದದ್ದೆಲ್ಲ ಆಗಲೇ ಜೋಡಿಸಿಟ್ಟಿತ್ತು. "ಕೋಪ ಮಾಡ್ಕೋಬೇಡಿ. ನೀವು ಇವತ್ತಲ್ಲ ನಾಳೆ ಬರ್ತೀರಿ ಅಂತ ರೆಡಿ ಮಾಡಿದ್ದೆ. ಡಿಸ್ಕ್ ಹಾಕೋದೊಂದೇ ಬಾಕಿ."

ಡಿಸ್ಕ್ ಜೋಡಿಸಿ ಅವನು ಗುಂಡಿಗೆ ಬೆರಳು ಇಡುವಾಗ ಯಜಮಾನರು ಕೈ ಅಡ್ಡ ಹಿಡಿದರು. "ಇರು. ಕೇಳಬೇಕಾದ್ದು ಕೇಳ್ತೀನಿ."

ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದರು. ಗಿರಾಕಿಗಳನ್ನು ಕೇಳುವ ಅದೇ ಗಂಭೀರ ದನಿ. "ಹೇಳಮ್ಮ. ಬಾಗಿಲು ತೆಗೆದ ತಕ್ಷಣ ಒಳಗೇನಿದೆ?"

ಬಿಚ್ಚಪ್ಪನಿಗೆ ನಗು ಬಂತು, ಆದರೆ ನಗಲಿಲ್ಲ. ಅಕ್ಕ ಗಂಡನ ಮುಖವನ್ನೇ ನೋಡುತ್ತಾ ಬಾಯಿ ತೆರೆದಳು. ಸದ್ದಿಲ್ಲದೆ ತುಟಿ ಆಡಿತು. ಮೊದಲು 'ರೀ' ಅಂತ ಎಳೆದಳು, ಆಮೇಲೆ ಉಳಿದ ಎರಡು ಮಾತು. ಆ ತುಟಿಯನ್ನು ಓದಲು ಯಜಮಾನರಿಗೆ ಸ್ಲೇಟು ಬೇಕಾಗಿರಲಿಲ್ಲ.

"ತೆಗಿಯೋ" ಅಂದರು.

ಸಿಸ್ಟಮ್ಮು ಎದ್ದಿತು. ಆ ಕಿತ್ತುಹೋದ ಪೆಟ್ಟಿಗೆಯ ಮುಂದಿನ ಪರದೆಯ ಮೇಲೆ ಕಂಪನಿಯ ಗುರುತು ಜಂಬದಿಂದ ಬೆಳಗಿತು. ಎರಡನೇ ಬೀಗವೂ ತೆರೆಯಿತು, ಪ್ರೋಗ್ರಾಂ ಬಂತು. ಚೌಕಗಳೆಲ್ಲ ಅಕ್ಕ ಜೋಡಿಸಿಟ್ಟ ಹಾಗೇ ಸಾಲಾಗಿ ನಿಂತಿದ್ದವು. ಅಕ್ಕ ಮುಂದೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಚೌಕ ಒತ್ತಿದಳು.

ಏನೂ ಕೇಳಲಿಲ್ಲ.

ಮತ್ತೆ ಒತ್ತಿದಳು. ಚೌಕ ಮಿನುಗಿತು, ಅಷ್ಟೇ. ಬಿಚ್ಚಪ್ಪ ವೈರು ಎಳೆದ, ಸಿಕ್ಕಿಸಿದ, ಹಣೆ ಒರೆಸಿಕೊಂಡ. ಅಕ್ಕ ಇಬ್ಬರ ಮುಖವನ್ನೂ ನೋಡಿ, ಪೆಟ್ಟಿಗೆಯನ್ನೊಮ್ಮೆ ತೋರಿಸಿ, ತನ್ನ ಗಂಟಲನ್ನೊಮ್ಮೆ ತೋರಿಸಿ, ಹೆಗಲು ಕುಣಿಸಿ ನಕ್ಕಳು. ಇದೂ ನನ್ನ ಹಾಗೇ ಅಂತ. ಆ ನಗುವಿಗೂ ಸದ್ದಿಲ್ಲ. ಯಜಮಾನರು ನಗಲಾರದೆ ಸ್ಟೂಲಿನ ಮೇಲೆ ಕೂತರು.

"ಸದ್ದು ಮಾಡೋ ಭಾಗ ನಮ್ಮ ಬೋರ್ಡಿಂದು. ಆ ಸಿಸ್ಟಮ್ಮು ಮಹಾರಾಯ ಅದನ್ನ ನೆಂಟ ಅಂತ ಒಪ್ತಾ ಇಲ್ಲ" ಅಂತ ಗೊಣಗಿದ ಬಿಚ್ಚಪ್ಪ. ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದ. ಮೌಸು, ಚಾರ್ಜರು, ಗಂಟು ಬಿದ್ದ ವೈರು. ಅದರ ನಡುವೆ ಧೂಳು ಹಿಡಿದ ಒಂದು ಪುಟ್ಟ ಸ್ಪೀಕರ್ ಸಿಕ್ಕಿತು, ಹೊರಗಿನಿಂದ ಸಿಕ್ಕಿಸುವಂಥದ್ದು. "ಇದರ ಹೊಟ್ಟೇಲೇ ಎಲ್ಲಾ ಇದೆ. ಬೋರ್ಡಿನ ಹಂಗಿಲ್ಲ. ಒಂದು ಸಲ ನೋಡೋಣ" ಅಂದು ಸಿಕ್ಕಿಸಿದ. "ಅಕ್ಕ, ಈಗ ಒತ್ತು."

"ರೀ, ಬಾಗಿಲು ಹಾಕ್ಕೊಂಡ್ರಾ?"

ಅದೇ ಧ್ವನಿ. ಅದೇ ಎಳೆತ. ಸ್ಪೀಕರಿಗೆ ಧೂಳು ಹಿಡಿದಿದ್ದರಿಂದ ನೆಗಡಿಯಾದ ಹಾಗಿತ್ತು, ಆದರೂ ಅವಳೇ. ಬಿಚ್ಚಪ್ಪ ಮುಖ ಆಚೆ ತಿರುಗಿಸಿಕೊಂಡು ಏನೋ ಹುಡುಕುವವನ ಹಾಗೆ ನಿಂತ.

"ಹಾಕಿ..." ಅಂದರು ಯಜಮಾನರು, ಅಭ್ಯಾಸಬಲದಿಂದ. ಅಲ್ಲಿಗೇ ಮಾತು ನಿಂತಿತು. ಶಟರ್ ಎತ್ತಿದ್ದು ಎತ್ತಿದ ಹಾಗೇ, ಊರಿನವರ ಕೀಲಿಯೆಲ್ಲ ಕೌಂಟರಿನ ಮೇಲೆ ಬಿಟ್ಟು ಎದ್ದು ಬಂದಿದ್ದು ಈಗ ನೆನಪಾಯಿತು. ಬೇರೆ ದಿನವಾಗಿದ್ದರೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದರು. ಇವತ್ತು ಕೂತಲ್ಲೇ ಕಣ್ಣು ಒರೆಸಿಕೊಂಡರು.

"ಇಲ್ಲ ಕಣೇ" ಅಂದರು. "ಹಾಕಿಲ್ಲ. ಮರೆತೆ. ಯಾವತ್ತೂ ಮರೆಯೋದೇ ನಾನು. ನೀನು ಕೇಳಿದ ಮೇಲೇ ಹೋಗಿ ಹಾಕ್ತಿದ್ದದ್ದು."

ಅಕ್ಕ ಪರದೆಯ ಕಡೆ ಬಾಗಿ, ಇಷ್ಟು ವರ್ಷ ಮುಟ್ಟದಿದ್ದ ಕೊನೆಯ ಚೌಕವನ್ನು ಒತ್ತಿದಳು.

"ನಂಗೆ ಗೊತ್ತಿತ್ತು."

ಬರುವಾಗ ತಾನೇ ಶಟರ್ ಎಳೆದು, ಬೀಗ ಒತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಂಗಡಿಯ ಕೀಲಿಯನ್ನು ತೆಗೆದು ಗಂಡನ ಅಂಗೈಯಲ್ಲಿ ಇಟ್ಟಳು.